ಅಪ್ಪನ ಎಡೆಗೆ ಬಾರದ ಕಾಗೆ

ಮುಂದೆ ಇಪ್ಪತ್ತು ವರ್ಷ ಪ್ರಾಣಿಗಳ ಬುದ್ಧಿಯ ಬಗ್ಗೆಯೇ ಪಾಠ ಹೇಳಿ ಹೊಟ್ಟೆ ಹೊರೆದವಳು ನಾನು. ಆದರೆ ಕಾಗೆಗೆ ಮನುಷ್ಯರ ಮುಖ ಗುರುತು ಸಿಗುತ್ತೆ ಅಂತ ಮೊದಲು ಬರೆದಾಗ ನನ್ನ ಗೈಡ್ ಇಡೀ ಅಧ್ಯಾಯಕ್ಕೆ ಅಡ್ಡಗೆರೆ ಎಳೆದ. ‘ಏನಮ್ಮಾ, ಪಿಎಚ್.ಡಿ. ಮಾಡ್ತಿದ್ದೀರೋ, ಅಜ್ಜಿ ಕಥೆ ಹೇಳ್ತಿದ್ದೀರೋ?’ ಅಂದ. ಎದುರಿಗೆ ಸಾರ್ ಅಂತಿದ್ದೆ. ಇಲ್ಲಿ ಏಕವಚನವೇ ಸಾಕು. ಅವನ ಪ್ರಕಾರ ಬುದ್ಧಿ ಅಂತಿದ್ದರೆ ಪಂಜರದ ಇಲಿಗೆ ಮಾತ್ರ.

ಎಪ್ಪತ್ತರ ದಶಕದ ಕೊನೆ. ಎರಡು ವರ್ಷ ಜಯನಗರದ ನಮ್ಮ ಮನೆ ತಾರಸಿಯಲ್ಲಿ ಬಿಸಿಲಿಗೆ ಬೆಂದಿದ್ದೆ. ಯಡಿಯೂರು ಕೆರೆ ಕಡೆಯಿಂದ ಬರುತ್ತಿದ್ದ ಕಾಗೆಗಳನ್ನು ಬಲೆ ಹಾಕಿ ಹಿಡಿದು, ಕಾಲಿಗೆ ಬಣ್ಣದ ಉಂಗುರ ತೊಡಿಸಿ ಬಿಡುತ್ತಿದ್ದೆ. ಆಮೇಲೆ ನನ್ನ ತಲೆ ಕಂಡರೆ ಸಾಕು, ಕಿರುಚಿಕೊಂಡು ಹಾರುತ್ತಿದ್ದವು. ‘ಮದುವೆ ಆಗು ಅಂದ್ರೆ ಕಾಗೆ ಹಿಡೀತಾಳೆ’ ಅಂತ ಅಣ್ಣ ಬೀದಿಗೆಲ್ಲ ಹೇಳಿಕೊಂಡು ಬಂದ. ಅಪ್ಪ ಮಾತ್ರ ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಹಾಗೇ ಹೋಗಿಬಿಟ್ಟರು.

ಹನ್ನೊಂದನೇ ದಿನ ತಾರಸಿ ಮೇಲೆ ಎಡೆ ಇಟ್ಟು ಅಣ್ಣ ‘ಕಾ, ಕಾ’ ಅಂತ ಗಂಟಲು ಹರಿದುಕೊಂಡ. ಒಂದು ಕಾಗೆಯೂ ಇಳಿಯಲಿಲ್ಲ. ಅಪ್ಪನೇ ಕಾಗೆಯಾಗಿ ಬಂದು ಮುಟ್ಟೋತನಕ ಯಾರೂ ಉಣ್ಣುವ ಹಾಗಿಲ್ಲ. ಹಸಿದ ನೆಂಟರೆಲ್ಲ ನನ್ನನ್ನೇ ನೋಡಿದರು.

‘ನಿನ್ನ ಮೇಲೆ ಸಿಟ್ಟು ಕಣೇ ಅಪ್ಪನಿಗೆ. ಕೆಳಗೆ ಹೋಗು’ ಅಂದ ಅಣ್ಣ.

ಇಳಿದೆ. ಮೆಟ್ಟಿಲು ಮುಗಿಯುವುದರೊಳಗೆ ಮೇಲೆ ‘ಬಂತು, ಬಂತು’ ಅಂತ ಗಲಾಟೆ.

ಗೈಡ್ ಹೇಳಿದ ಹಾಗೆ ಕಾಗೆಗೆ ಮುಖ ಗುರುತೇ ಸಿಗದಿದ್ದರೆ, ಅಣ್ಣನ ಮಾತೇ ನಿಜ: ಅಪ್ಪ ನನ್ನ ಮೇಲೆ ಸಿಟ್ಟಿಟ್ಟುಕೊಂಡೇ ಸತ್ತರು. ಗೈಡು, ಅಣ್ಣ ಇಬ್ಬರನ್ನೂ ಬಿಡಬಾರದು ಅಂತ ಹಟ ಹಿಡಿದೆ.

ವರ್ಷದ ತಿಥಿಗೆ ಅಪ್ಪನ ಹಳೇ ಟವಲ್ಲನ್ನು ಮುಖಕ್ಕೆ ಸುತ್ತಿಕೊಂಡು, ಕಣ್ಣಷ್ಟೇ ಬಿಟ್ಟು, ಎಡೆ ಪಕ್ಕದಲ್ಲೇ ನಿಂತೆ. ‘ಇವಳಿಗೆ ತಲೆ ಕೆಟ್ಟಿದೆ’ ಅಂದಳು ಅತ್ತಿಗೆ. ಅಣ್ಣ ‘ಕಾ, ಕಾ’ ಅಂತ ಕರೆದ. ನಾನೇ ಕೆಂಪು ಉಂಗುರ ಹಾಕಿದ್ದ ಕಾಗೆ ಇಳಿದು, ಅಪ್ಪನಿಗೆ ಇಷ್ಟವಾದ ಉದ್ದಿನ ವಡೆಗೇ ಬಾಯಿ ಹಾಕಿತು. ಟವಲ್ ಕಿತ್ತೆಸೆದೆ. ಕಾಗೆ ನನ್ನ ಮುಖ ನೋಡಿದ್ದೇ ತಡ, ಚೀರಿ, ವಡೆ ಬೀಳಿಸಿ ಹಾರಿಹೋಯ್ತು.

‘ನೋಡಿದ್ಯಾ? ಸಿಟ್ಟು ಕಾಗೆಗೆ, ಅಪ್ಪನಿಗಲ್ಲ!’ ಅಂತ ಕೂಗಿದೆ.

ಇದನ್ನೇ ಮತ್ತೆ ಮತ್ತೆ ಮಾಡಿ ತೋರಿಸಿ ಗೈಡ್ ಬಾಯಿ ಮುಚ್ಚಿಸಿದೆ. ಅಣ್ಣನ ಬಾಯಿ ಮುಚ್ಚಿಸೋಕೆ ಆಗಲಿಲ್ಲ. ಅವನು ಅವತ್ತು ಬಗ್ಗಿ, ಬಿದ್ದ ವಡೆ ಎತ್ತಿ ಎಲೆಗೆ ಹಾಕಿದ.

‘ಉಣ್ತಾ ಇದ್ದ ಅಪ್ಪನ್ನ ಅರ್ಧಕ್ಕೇ ಎಬ್ಬಿಸಿ ಓಡಿಸಿದೆಯಲ್ಲೇ’ ಅಂದ.