ಚಿಗವ್ವ ಮುಚ್ಚಿದ ಬಾಗಿಲು

ಎಂಬತ್ತರ ದಶಕದ ಶುರುವಿನಲ್ಲಿ ಕೊಟ್ಟೂರಿನ ನಮ್ಮ ಓಣಿಗೆ ಬರುವ ಇಂಗ್ಲಿಷ್ ಕಾಗದಗಳೆಲ್ಲ ಓದಿಸಿಕೊಳ್ಳಲು ನನ್ನ ಹತ್ತಿರವೇ ಬರುತ್ತಿದ್ದವು. ನಾನು ಪಿಯುಸಿ ಓದುತ್ತಿದ್ದ ಹುಡುಗಿ. ಜಂಬ ಬಹಳ ಇತ್ತು, ಈಗಲೂ ಪೂರ್ತಿ ಇಳಿದಿಲ್ಲ.

ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದೇ ಥರ ಕಾಣುವ ಮಾತುಗಳನ್ನು ಊರಿನ ಉದಾಹರಣೆ ಕೊಟ್ಟೇ ಬಿಡಿಸಿ ಹೇಳುತ್ತಿದ್ದರು. ‘ಇನ್ ಪರ್ಸನ್’ ಎಂದರೆ ಖುದ್ದಾಗಿ. ಮದುವೆಗೆ ಮುಯ್ಯಿ ಕಳಿಸಿದರೆ ಸಾಲದು, ನೀವೇ ಹೋಗಬೇಕು. ‘ಫೇಸ್ ಟು ಫೇಸ್’ ಎಂದರೆ ಬೀಗರು ಎದುರುಬದುರು ಕೂತು ಮಾತಾಡುವುದು, ಸುತ್ತ ಇಪ್ಪತ್ತು ಮಂದಿ ಇದ್ದರೂ ನಡೆಯುತ್ತದೆ. ‘ಇನ್ ಪ್ರೈವೇಟ್’ ಎಂದರೆ ಮೂರನೆಯವರ ಕಿವಿಗೆ ಬೀಳದ ಹಾಗೆ. ಇದಕ್ಕೆ ಮಾತ್ರ ಅವರಿಗೆ ನಮ್ಮೂರಲ್ಲಿ ಉದಾಹರಣೆ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಎಮ್ಮೆ ಮಾರುವ ಮಾತಾಗಲಿ, ಹೆಣ್ಣು ಕೊಡುವ ಮಾತಾಗಲಿ, ನಾಲ್ಕು ಮಂದಿ ಕೂಡದೆ ನಮ್ಮಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೆಂಗಸರ ಪರವಾಗಿಯಂತೂ ಗಂಡಸರೇ ಮಾತಾಡಿ ಮುಗಿಸುತ್ತಿದ್ದರು.

ಆ ವರ್ಷ ಚಿಗವ್ವನಿಗೆ, ಅಂದರೆ ಅವ್ವನ ತಂಗಿಗೆ, ಕೂಡ್ಲಿಗಿಯ ಒಂದು ಕಚೇರಿಯಿಂದ ಕಾಗದ ಬಂತು. ನಮ್ಮ ಮನೆಯಲ್ಲೇ ಇದ್ದು ಅರ್ಧ ಊರಿನ ಕುಪ್ಪಸ ಹೊಲಿಯುತ್ತಿದ್ದ ಅವಳು ಹೊಲಿಗೆ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು, ಇದೊಂದು ತಪ್ಪಿದರೆ ಮತ್ತೊಂದು ಇರಲಿಲ್ಲ.

ಕಾಗದದಲ್ಲಿ ಎರಡು ಮಾತಿದ್ದವು. ಇನ್ ಪರ್ಸನ್ ಬರಬೇಕು; ಸಾಹೇಬರು ಒಬ್ಬೊಬ್ಬರನ್ನೇ ಇನ್ ಪ್ರೈವೇಟ್ ಮಾತಾಡಿಸುತ್ತಾರೆ. ಎರಡನೆಯದನ್ನು ನಾನು ನುಂಗಿಬಿಡಬಹುದಿತ್ತು. ಆದರೆ ಓಣಿ ನನ್ನನ್ನು ನಂಬಿದ್ದು ಇದ್ದದ್ದನ್ನು ಇದ್ದ ಹಾಗೆ ಓದುತ್ತೇನೆಂದು. ಓದಿದೆ.

ಅಪ್ಪನದು ಇಂಜಿನ್ ರಿಪೇರಿ ಅಂಗಡಿ. ಎಣ್ಣೆಗೈ ಒರೆಸಿಕೊಳ್ಳುತ್ತಾ, ಹೆಣ್ಣುಮಗಳ ಹತ್ತಿರ ಬಾಗಿಲು ಹಾಕಿಕೊಂಡು ಆಡುವ ಮಾತೇನಿರುತ್ತದೆ, ತಾನೇ ಹೋಗಿ ಉತ್ತರ ಹೇಳಿ ಬರುತ್ತೇನೆ ಎಂದ. ಖುದ್ದಾಗಿ ಎಂದರೆ ಖುದ್ದಾಗಿಯೇ, ನೀನು ಹೋದರೆ ಕೆಲಸ ಹೋದಂತೆ ಎಂದು ನಾನು ಜಗಳಕ್ಕೆ ನಿಂತೆ. ಚಿಗವ್ವ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದಿಟ್ಟಳು. ಕೊನೆಗೆ ಅವಳೂ ಹೋಗುವುದು, ನಾವೂ ಹೋಗುವುದು ಎಂದಾಯಿತು.

ಹೀಗೆ ಒಂದು ಇಂಟರ್‌ವ್ಯೂಗೆ ಒಂಬತ್ತು ಮಂದಿ ಬಸ್ ಹತ್ತಿದೆವು, ಬುತ್ತಿ ಬೇರೆ. ಕಚೇರಿಯ ಜವಾನ ದಿಬ್ಬಣ ಬಂತೆಂದು ನಕ್ಕ. ಚಿಗವ್ವನನ್ನು ಕರೆದಾಗ ಉಳಿದ ಎಂಟು ಮಂದಿಯೂ ಎದ್ದು ನಿಂತೆವು. ಅಪ್ಪ ಅವಳ ಹಿಂದೆಯೇ ಒಳಗೆ ನಡೆದು ಕೈಮುಗಿದು, ಕೇಳುವುದೇನಿದ್ದರೂ ತನ್ನನ್ನು ಕೇಳಬೇಕೆಂದ. ಸಾಹೇಬರು ಪೆನ್ನು ಕೆಳಗಿಟ್ಟು ಫೈಲ್ ಮುಚ್ಚಿದರು. ಹೊಸ್ತಿಲ ಬಳಿ ನಿಂತಿದ್ದ ನಾನು ಕೆಲಸ ಹೋಯಿತೆಂದೇ ಅಂದುಕೊಂಡೆ.

ಚಿಗವ್ವ ಅಪ್ಪನ ಕಡೆ ತಿರುಗಿದಳು. “ಮಾವಾ, ಕರದಿದ್ದು ನನ್ನ. ಹೊಲಿಯಾಕಿ ನಾನು, ಹೇಳಾಕಿನೂ ನಾನ. ನೀವು ಹೊರಗ ಕುಂದರ್ರಿ.”

ಅಕ್ಕನ ಗಂಡನ ಮುಂದೆ ಅವಳು ತಲೆ ಎತ್ತಿ ಮಾತಾಡಿದ್ದು ಅದೇ ಮೊದಲು. ಅಪ್ಪ ಹೊರಗೆ ಬಂದ. ಜವಾನ ಕೈ ಹಾಕುವ ಮೊದಲೇ ಚಿಗವ್ವ ತಾನಾಗಿ ಬಾಗಿಲು ಮುಚ್ಚಿದಳು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಕಣ್ಣಲ್ಲಿ ನೀರೇ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಅವಳನ್ನು ಮುತ್ತಿಕೊಂಡು, ಸಾಹೇಬರು ಏನು ಕೇಳಿದರು, ನೀನೇನು ಹೇಳಿದೆ ಎಂದು ಪೀಡಿಸಿದರು. ಅವಳು ಬುತ್ತಿಯ ಗಂಟು ಬಿಚ್ಚಿ ಎಲ್ಲರ ಕೈಗೂ ರೊಟ್ಟಿ ಕೊಟ್ಟಳೇ ಹೊರತು ಒಂದಕ್ಷರ ಬಿಡಲಿಲ್ಲ.

ಕೆಲಸ ಸಿಕ್ಕಿತು. ನಮ್ಮ ನಾದಿನಿ ಸಾಹೇಬರ ಜೊತೆ ಒಬ್ಬಳೇ ಮಾತಾಡಿ ಗೆದ್ದು ಬಂದಳು ಎಂದು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಒಳಗೆ ಏನು ಮಾತಾಯಿತೆಂದು ಇವತ್ತಿಗೂ ನಮಗೆ ಗೊತ್ತಿಲ್ಲ.

ಮರುವಾರ ನಾನು ಕ್ಲಾಸಿನಲ್ಲಿ ಕೈ ಎತ್ತಿದೆ. “ಸರ್, ಇನ್ ಪ್ರೈವೇಟಿಗೆ ಉದಾಹರಣೆ ಸಿಕ್ಕೈತ್ರಿ. ನಮ್ಮ ಮನ್ಯಾಗ ಅದಾಳ.”