ಪೇಟಿಗೆ ಕೂಡದ ಅಜ್ಜಿಯ ದನಿ

1979ರಲ್ಲಿ ನಾನು ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ಸಂಗೀತ ಶಿಕ್ಷಕನಾಗಿದ್ದೆ. ಮನೆ ರಾಯಚೂರಿನಲ್ಲಿ, ವಾರಕ್ಕೆ ನಾಲ್ಕು ದಿನ ಮಾನ್ವಿ, ಎರಡು ದಿನ ದೇವದುರ್ಗ. ಕಲಿಸುತ್ತಿದ್ದುದು ಹಾರ್ಮೋನಿಯಂ, ನಮ್ಮ ಕಡೆಯ ಮಾತಿನಲ್ಲಿ ಪೇಟಿ. ನಾನು ಮುಂಗೋಪಿ. ಮನೆಯಲ್ಲಿ ಅಭ್ಯಾಸ ಮಾಡದೆ ಬಂದವರ ಕಿವಿ ಹಿಂಡದೆ ಬಿಟ್ಟವನಲ್ಲ.

ಪೇಟಿಯ ಕೀಗಳನ್ನು ನಾವು ಬಣ್ಣ ಮತ್ತು ಎಣಿಕೆಯಿಂದ ಗುರುತಿಸುತ್ತೇವೆ: ಬಿಳಿ ಒಂದು, ಕರಿ ಎರಡು, ಹೀಗೆ. ಹಾಡುವವರ ದನಿಗೆ ತಕ್ಕಂತೆ ಯಾವ ಕೀಯನ್ನಾದರೂ ‘ಸ’ ಎಂದು ಹಿಡಿಯಬಹುದು. ಆದರೆ ನನ್ನ ತರಗತಿಯಲ್ಲಿ ಮೊದಲ ವರ್ಷವಿಡೀ ಎಲ್ಲರಿಗೂ ‘ಸ’ ಅಂದರೆ ಕರಿ ಒಂದೇ. “ಪೇಟಿ ಸುಳ್ಳು ಹೇಳಂಗಿಲ್ಲ. ಅದಕ್ಕ ಕೂಡಲಾರದ್ದು ಬೇಸುರ,” ಎಂದು ದಿನಾ ಹೇಳುತ್ತಿದ್ದೆ.

ರೇಣುಕಾ ಒಂಬತ್ತನೇ ತರಗತಿ, ಮಲ್ಲಟದ ಕುರಿ ಸಾಕುವ ಮನೆಯ ಹುಡುಗಿ. ಬೆರಳು ಬಲು ಚುರುಕು. ಸಂಗೀತದ ಜೂನಿಯರ್ ಪರೀಕ್ಷೆಗೆ ಕೂರಿಸಬೇಕೆಂದು ಶಾಲೆಯ ಹಳೆಯ ಪೇಟಿಯನ್ನು ಮನೆಗೆ ಕೊಟ್ಟು ಕಳಿಸಿದ್ದೆ. ಹದಿನೈದು ದಿನಕ್ಕೇ ಅದನ್ನು ತಂದು ಮೇಜಿನ ಮೇಲಿಟ್ಟಳು.

“ನಾ ಇನ್ನ ಪೇಟಿ ಕಲಿಯಂಗಿಲ್ರಿ ಸರ್.”

“ಯಾಕ? ಸೊಕ್ಕು ಬಂತೇನು?” ಎಂದು ಗದರಿದೆ.

ಆಕೆ ನೆಲ ನೋಡುತ್ತ, “ನಮ್ಮಜ್ಜಿ ಹಾಡೂದ ಬಿಟ್ಟಾಳ್ರಿ,” ಎಂದಳು.

ಬಿಡಿಸಿ ಕೇಳಿದಾಗ ತಿಳಿಯಿತು. ತಾಯಿಯಿಲ್ಲದ ರೇಣುಕಾಳನ್ನು ಸಾಕಿದ್ದು ಅಜ್ಜಿ ಈರಮ್ಮ. ಊರಿನಲ್ಲಿ ಯಾವ ಮದುವೆಯಾದರೂ ಸೋಬಾನ ಪದ ಎತ್ತುವವಳು ಆಕೆಯೇ. ಆ ಪದಗಳಿಗೆ ಪೇಟಿ ನುಡಿಸುವ ಆಸೆಯಿಂದ ಮೊಮ್ಮಗಳು ದಿನಾ ಜೊತೆಗೆ ಕೂತಿದ್ದಳು. ಕರಿ ಒಂದನ್ನೇ ‘ಸ’ ಎಂದು ಹಿಡಿದು ಎಷ್ಟು ತಿಣುಕಿದರೂ ಸ್ವರ ಕೂಡಲಿಲ್ಲ. ಕೊನೆಗೆ ನಾನು ಕಲಿಸಿದ ಮಾತನ್ನೇ ಹೇಳಿಬಿಟ್ಟಳು: “ನೀ ಬೇಸುರ ಹಾಡ್ತಿ ಬೇ.” ಅಂದಿನಿಂದ ಈರಮ್ಮ ಹಾಡಿಗೆ ಬಾಯಿ ತೆರೆದಿರಲಿಲ್ಲ.

ಭಾನುವಾರ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮಲ್ಲಟದ ಬಸ್ಸಿನಲ್ಲಿ ಕೂತೆ. ಈರಮ್ಮ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತಿದ್ದಳು. ಒಂದು ಪದ ಹಾಡಿರಿ ಎಂದೆ.

“ಬ್ಯಾಡ ಯಪ್ಪಾ. ನನ್ನ ದನಿ ಕೆಟ್ಟದ. ಓದಿದಾಕಿ, ಮೊಮ್ಮಗಳೇ ಹೇಳ್ಯಾಳ.”

“ತಪ್ಪು ಆಕೀದಲ್ಲ ಯವ್ವಾ, ನಂದು. ನಿಮ್ಮ ದನಿ ಸರಿ ಅದ. ಪೇಟಿನ ನಿಮ್ಮ ಕಡಿ ಬರಬೇಕು.”

“ಹಾಡ ಬೇ,” ಎಂದು ರೇಣುಕಾ ಆಕೆಯ ಮೊಣಕಾಲು ಹಿಡಿದುಕೊಂಡಳು. ಈರಮ್ಮ ಮೆತ್ತಗೆ ಒಂದು ಸಾಲು ಎತ್ತಿದಳು. ನಾನು ಹುಡುಕಿದೆ. ಕರಿ ನಾಲ್ಕು! ರೇಣುಕಾಳ ಬೆರಳನ್ನು ಅಲ್ಲಿಟ್ಟು, “ಇದು ನಿಮ್ಮಜ್ಜಿ ಸ,” ಎಂದೆ. ಎರಡು ಸಲ ತಡವರಿಸಿದಳು. ಮೂರನೆಯ ಸಲ ಇಡೀ ಸಾಲು ಕೂಡಿತು.

ಈರಮ್ಮ ಉಣ್ಣೆ ಕೆಳಗಿಟ್ಟಳು. “ಅಯ್ಯ, ನನ್ನ ಬೆನ್ನ ಹತ್ತಿ ಬರಾಕತ್ತದಲ್ಲ ಇದು!”

ನನ್ನ ಕಣ್ಣು ತುಂಬಿತು, ಮುಚ್ಚಿಡುವುದೇಕೆ.

ಆಮೇಲೆ ರೇಣುಕಾಳಿಗೆ ಅಭ್ಯಾಸ ಮಾಡೆಂದು ಹೇಳುವ ಕೆಲಸವೇ ನನಗೆ ಉಳಿಯಲಿಲ್ಲ. ಸಂಜೆಯಾದರೆ ಅಜ್ಜಿಯೇ ಪೇಟಿ ತೆಗೆಸುತ್ತಿದ್ದಳಂತೆ. ಮಕ್ಕಳನ್ನು ಅಭ್ಯಾಸಕ್ಕೆ ಕೂರಿಸಲು ನನ್ನ ಗದರಿಕೆಗಿಂತ ಅವರ ಮನೆಯ ಒಂದು ದನಿ ದೊಡ್ಡದು ಎಂದು ಈ ವೃತ್ತಿ ಕಲಿಸಿತು. ಹೊಸ ರಿಜಿಸ್ಟರ್ ತೆರೆದೆ. ನಿವೃತ್ತಿಯವರೆಗೂ ಬಂದ ಪ್ರತಿ ಮಗುವನ್ನೂ ಮೊದಲು ಕೇಳುತ್ತಿದ್ದುದು, “ನಿಮ್ಮ ಮನ್ಯಾಗ ಯಾರು ಹಾಡ್ತಾರ?” ಉತ್ತರವನ್ನು ಹೆಸರಿನ ಪಕ್ಕ ಬರೆದುಕೊಳ್ಳುತ್ತಿದ್ದೆ. ಆ ರಿಜಿಸ್ಟರಿನ ಮೊದಲ ಸಾಲು ಹೀಗಿದೆ: ರೇಣುಕಾ, ಮಲ್ಲಟ. ಅಜ್ಜಿ. ಕರಿ ನಾಲ್ಕು.