ಅವ್ವಿಯ ಹಣೆಯ ಹಚ್ಚೆ

“ನಮ್ಮವ್ವಿ ಹಣೆಮೇಲಿನ ಹಚ್ಚೆ ಎಂತ ಮಾಡಿದ್ರಿ?” ಕಾಗಾಲದಿಂದ ಬಂದ ಹೆಂಗಸು ತೀರಿಕೊಂಡ ತಾಯಿಯ ಹಳೇ ಫೋಟೋದಿಂದ ಸ್ಟುಡಿಯೋದಲ್ಲಿ ಮಾಡಿಸಿದ್ದ ದೊಡ್ಡ ಫೋಟೋವನ್ನು ಮೇಜಿನ ಮೇಲಿಟ್ಟು ಕೇಳಿದರು.

ಡಾರ್ಕ್‌ರೂಮಿನಲ್ಲೇ ಅರ್ಧ ಆಯುಷ್ಯ ಕಳೆದ ನನಗೆ ಡಿಜಿಟಲ್ ಕೆಲಸ ಕಲಿಸುತ್ತಿರುವ ಕುಮಟಾದ ಸ್ಟುಡಿಯೋ ಮಾಲೀಕ, “ಹಳೇ ಫೋಟೋದ ಕಲೆ ಅಂದ್ಕಂಡೆ. ಮುಖನೂ ಬೆಳ್ಳಗೆ ಮಾಡಿದೆ, ಚೆಂದ ಆತಲ್ಲ” ಎಂದ.

ನನಗೆ ಮೈಯೆಲ್ಲ ಉರಿಯಿತು. ಪ್ರಿಂಟಿನ ಮೇಲಿನ ಧೂಳಿನ ಚುಕ್ಕಿಗಳನ್ನು ಕುಂಚದಿಂದ ನಾನೂ ಮುಚ್ಚಿದ್ದೇನೆ. ಆದರೆ ಮುಖದ ಗುರುತು ಯಾವುದೆಂದು ಮನೆಯವರನ್ನು ಕೇಳದೆ ಕುಂಚ ಎತ್ತುತ್ತಿರಲಿಲ್ಲ. ಹಳೆಯ ಫೋಟೋವನ್ನು ಮತ್ತೆ ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ತಡಕಾಡುತ್ತಾ ನಾನೇ ಸರಿಮಾಡಿದೆ. ಕಪ್ಪು ಮುಖ, ಹಚ್ಚೆ ಎರಡೂ ಪರದೆಗೆ ಮರಳಿದಾಗ ಆಕೆ, “ಹಾಂ, ಇವ್ಳೇ ನಮ್ಮವ್ವಿ” ಎಂದರು.

ಸಿಟ್ಟು ಇಳಿಯದಿದ್ದರೂ ಮರುದಿನ ಪಾಠಕ್ಕೆ ಹೋದೆ. ಅಳಿಸುವವರ ಪಕ್ಕದಲ್ಲಿ ಮರಳಿ ತರಬಲ್ಲವನೊಬ್ಬ ಕೂತಿರಲಿ.